ಸಂಡೂರಿನ ಅದಿರನ್ನು ಮ್ಯಾಗ್ನೆಟ್ ಯಾಕೆ ಹಿಡಿಯಲ್ಲ? ಮುಟ್ಟದೆ ಎಳೆಯುವ ಬಲಗಳ ಬಗ್ಗೆ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಳ್ಳಾರಿ. ನಾನು ಲಾರಿ ಓಡಿಸುತ್ತೇನೆ. ಮಗ ಎಂಟನೇ ತರಗತಿ. ಅವನ ಪುಸ್ತಕದಲ್ಲಿ ‘ಸಂಪರ್ಕರಹಿತ ಬಲ’ ಅಂತ ಬರುತ್ತದೆ. ಬಾಚಣಿಕೆ ಕಾಗದದ ಚೂರನ್ನು ಎಳೆಯುತ್ತೆ, ಮ್ಯಾಗ್ನೆಟ್ ಮೊಳೆಯನ್ನು ಎಳೆಯುತ್ತೆ, ಭೂಮಿ ಎಲ್ಲವನ್ನೂ ಎಳೆಯುತ್ತೆ ಅಂತ ಇದೆ. ಮುಟ್ಟದೆ ಹೇಗೆ ಎಳೆಯುತ್ತೆ, ಮಧ್ಯದ ಗಾಳಿ ಎಳೆಯುತ್ತಾ, ಮೂರೂ ಒಂದೇ ಬಲವಾ ಅಂತ ಕೇಳುತ್ತಾನೆ. ಸಂಡೂರಿನಿಂದ ಒಂದು ಅದಿರಿನ ಕಲ್ಲು ತಂದುಕೊಟ್ಟೆ. ಮ್ಯಾಗ್ನೆಟ್ ಅದನ್ನು ಹಿಡಿಯಲೇ ಇಲ್ಲ. ಕಬ್ಬಿಣದ ಅದಿರಲ್ವಾ ಸರ್ ಅದು? ಇನ್ನೊಂದು, ಈ ಬಲಗಳನ್ನು ಏನಾದರೂ ಅಡ್ಡ ಇಟ್ಟು ತಡೆಯಬಹುದಾ?

ಉತ್ತರ: ನಿಮ್ಮ ಮಗ ಕೇಳಿದ ಮೊದಲ ಪ್ರಶ್ನೆ ನ್ಯೂಟನ್‌ರನ್ನೂ ಕಾಡಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಾಳಿಯ ವಿಷಯ ಮುಗಿಸಿಬಿಡೋಣ.

ಗಾಳಿ ಎಳೆಯುವುದಿಲ್ಲ. ಚಂದ್ರನ ಮೇಲೆ ಗಾಳಿಯೇ ಇಲ್ಲ. 1971ರಲ್ಲಿ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್ ಅಲ್ಲಿ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಕ್ಕಿಯ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲಕ್ಕೆ ಬಿದ್ದವು. ಗಾಳಿ ಇಲ್ಲದಿದ್ದರೂ ಗುರುತ್ವ ತನ್ನ ಕೆಲಸ ಮಾಡಿತು. ಮ್ಯಾಗ್ನೆಟ್ಟಿಗೆ ಚಂದ್ರನವರೆಗೆ ಹೋಗಬೇಕಿಲ್ಲ. ಗಾಜಿನ ಲೋಟದ ತುಂಬ ನೀರು ಹಾಕಿ, ತಳದಲ್ಲಿ ಒಂದು ಗುಂಡುಸೂಜಿ ಬಿಡಿ. ಲೋಟದ ಹೊರಗಿನಿಂದ ಮ್ಯಾಗ್ನೆಟ್ ಸರಿಸಿದರೆ ಸೂಜಿ ಹಿಂದೆಯೇ ಬರುತ್ತದೆ. ಮಧ್ಯೆ ಗಾಜಿದೆ, ನೀರಿದೆ. ಆ ಬಲಕ್ಕೆ ಅವು ಲೆಕ್ಕಕ್ಕೇ ಇಲ್ಲ.

ಇನ್ನು ಬಾಚಣಿಕೆ. ಇದನ್ನು ಪಾಠದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಿಜವಾಗಿ ನೋಡಿದರೆ ಅಲ್ಲಿ ನಡೆಯುವುದು ತುಂಬಾ ಇದೆ.

ಒಣ ಕೂದಲಿಗೆ ಪ್ಲಾಸ್ಟಿಕ್ ಬಾಚಣಿಕೆ ಉಜ್ಜಿದಾಗ ಕೂದಲಿನ ಕೆಲವು ಎಲೆಕ್ಟ್ರಾನ್‌ಗಳು ಬಾಚಣಿಕೆಗೆ ಹೋಗುತ್ತವೆ. ಬಾಚಣಿಕೆಗೆ ಋಣ ವಿದ್ಯುದಂಶ, ಕೂದಲಿಗೆ ಧನ. ಹೋಗುವ ವಿದ್ಯುದಂಶ ತೀರಾ ಕಡಿಮೆ. ಹತ್ತು ನ್ಯಾನೋಕೂಲಂಬ್ (ವಿದ್ಯುದಂಶ ಅಳೆಯುವ ಬಲು ಸಣ್ಣ ಅಳತೆ) ಅಂದುಕೊಳ್ಳಿ. ಅಷ್ಟಕ್ಕೇ ಸುಮಾರು 6,000 ಕೋಟಿ ಎಲೆಕ್ಟ್ರಾನ್ ಬೇಕು. ಇಷ್ಟು ಹೋದರೂ ಬಾಚಣಿಕೆಯ ತೂಕದಲ್ಲಿ ಯಾವ ತಕ್ಕಡಿಗೂ ಗೊತ್ತಾಗುವಷ್ಟು ವ್ಯತ್ಯಾಸ ಆಗುವುದಿಲ್ಲ.

ಆದರೆ ಕಾಗದಕ್ಕೆ ಯಾರೂ ಏನೂ ಉಜ್ಜಿಲ್ಲ. ಅದರಲ್ಲಿ ಧನವೂ ಋಣವೂ ಸಮ ಇದೆ. ಹಾಗಿದ್ದರೂ ಅದು ಯಾಕೆ ಎಗರಿ ಬರಬೇಕು? ಬಾಚಣಿಕೆ ಹತ್ತಿರ ಬಂದ ಕೂಡಲೇ ಕಾಗದದ ಎಲೆಕ್ಟ್ರಾನ್‌ಗಳು ಒಂಚೂರು ಆಚೆ ಸರಿಯುತ್ತವೆ. ಹಾಗಾಗಿ ಬಾಚಣಿಕೆಯ ಕಡೆಗಿನ ಅಂಚು ಸ್ವಲ್ಪ ಧನವಾಗುತ್ತದೆ, ಆಚೆಯ ಅಂಚು ಸ್ವಲ್ಪ ಋಣವಾಗುತ್ತದೆ. ಹತ್ತಿರದ ಧನ ಅಂಚನ್ನು ಬಾಚಣಿಕೆ ಎಳೆಯುತ್ತದೆ, ದೂರದ ಋಣ ಅಂಚನ್ನು ನೂಕುತ್ತದೆ. ದೂರ ಎರಡು ಪಟ್ಟಾದರೆ ವಿದ್ಯುತ್ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು 1785ರಲ್ಲಿ ಕೂಲಂಬ್ ಅಳೆದು ತೋರಿಸಿದರು. ಹತ್ತಿರದ ಎಳೆತ ದೂರದ ನೂಕಿಗಿಂತ ಒಂದು ಕೈ ಜಾಸ್ತಿ ಇರುವುದರಿಂದ ಕಾಗದ ಎಗರುತ್ತದೆ. ಈ ವ್ಯತ್ಯಾಸ ಬಲು ಸಣ್ಣದು. ಅದಕ್ಕೇ ಬಾಚಣಿಕೆಯನ್ನು ತೀರಾ ಹತ್ತಿರ ತರುವವರೆಗೂ ಏನೂ ಆಗುವುದಿಲ್ಲ, ಆಮೇಲೆ ಚೂರು ಒಮ್ಮೆಲೇ ಅಂಟಿಕೊಳ್ಳುತ್ತದೆ.

ಮಗನಿಗೆ ಇನ್ನೂ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಲು ಹೇಳಿ. ಅಂಟಿದ ಚೂರುಗಳಲ್ಲಿ ಕೆಲವು ಕೆಲವೇ ಕ್ಷಣದಲ್ಲಿ ಚಿಮ್ಮಿ ಬೀಳುತ್ತವೆ. ಮುಟ್ಟಿದಾಗ ಬಾಚಣಿಕೆಯ ಎಲೆಕ್ಟ್ರಾನ್‌ಗಳು ಆ ಚೂರಿಗೂ ಹೋಗಿರುತ್ತವೆ. ಈಗ ಎರಡೂ ಋಣ, ಒಂದನ್ನೊಂದು ನೂಕುತ್ತವೆ. ಎಳೆತ, ನೂಕು ಎರಡನ್ನೂ ಒಂದೇ ಆಟದಲ್ಲಿ ತೋರಿಸುವ ಇಷ್ಟು ಅಗ್ಗದ ಪ್ರಯೋಗ ಇನ್ನೊಂದಿಲ್ಲ.

ಈ ಆಟಕ್ಕೆ ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಗಾಳಿಯ ತೇವ ಎಲ್ಲದರ ಮೇಲೂ ಕಣ್ಣಿಗೆ ಕಾಣದ ತೆಳು ನೀರಿನ ಪದರವಾಗಿ ಕೂರುತ್ತದೆ. ವಿದ್ಯುದಂಶ ಅದರ ಮೂಲಕ ಸೋರಿಹೋಗುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರೂ ಕೆಲಸ ಕೆಡುತ್ತದೆ. ಚಳಿಗಾಲದ ಒಣ ದಿನಗಳಲ್ಲಿ ಲಾರಿಯ ಸೀಟಿನಿಂದ ಇಳಿದು ಬಾಗಿಲು ಮುಟ್ಟಿದಾಗ ಚುರ್ ಎಂದು ಶಾಕ್ ಹೊಡೆದದ್ದು ನಿಮಗೂ ಗೊತ್ತಿರಬೇಕು. ಅದೂ ಇದೇ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವ ಮೊದಲು ಅರ್ಥಿಂಗ್ ವೈರ್ ಸಿಕ್ಕಿಸುತ್ತಾರಲ್ಲ, ಇದೇ ಕಿಡಿಗೆ ಹೆದರಿ.

ಇದೇ ಬಾಚಣಿಕೆಯ ಬಲ ನಮ್ಮ ಜಿಲ್ಲೆಗಳಲ್ಲಿ ಹಗಲೂ ರಾತ್ರಿ ದುಡಿಯುತ್ತಿದೆ. ಕುಡತಿನಿಯ ಬಳ್ಳಾರಿ ಥರ್ಮಲ್, ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರು ಥರ್ಮಲ್), ಎರಡೂ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತವೆ. ಆರ್‌ಟಿಪಿಎಸ್ ಒಂದೇ 1,720 ಮೆಗಾವ್ಯಾಟ್‌ನದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30–40 ಪಾಲು ಬೂದಿಯೇ ಇರುತ್ತದೆ. ಅದರಲ್ಲಿ ಹೆಚ್ಚಿನದು ಹಿಟ್ಟಿಗಿಂತ ನುಣುಪಾದ ಹಾರುಬೂದಿ. ಅದು ಹಾಗೇ ಚಿಮಣಿಯಿಂದ ಹೊರಗೆ ಹೋದರೆ ಸುತ್ತಲಿನ ಊರುಗಳಲ್ಲಿ ಉಸಿರಾಡುವಂತಿಲ್ಲ.

ಅದನ್ನು ಹಿಡಿಯುವುದು ಸ್ಥಾಯಿ ವಿದ್ಯುತ್ತು. ಬಾಯ್ಲರಿನ ಹೊಗೆ ಚಿಮಣಿಗೆ ಹೋಗುವ ಮೊದಲು ಒಂದು ದೊಡ್ಡ ಪೆಟ್ಟಿಗೆಯೊಳಗೆ ಹಾಯುತ್ತದೆ. ಅಲ್ಲಿನ ಕೆಲಸಗಾರರು ಅದನ್ನು ಇಎಸ್‌ಪಿ ಅನ್ನುತ್ತಾರೆ. ಒಳಗೆ ಸಾಲುಸಾಲಾಗಿ ಎತ್ತರದ ಉಕ್ಕಿನ ತಗಡುಗಳು, ಅವುಗಳ ನಡುವೆ ತಂತಿಗಳು. ತಂತಿಗಳಿಗೆ ಹತ್ತಾರು ಸಾವಿರ ವೋಲ್ಟ್ ಋಣ ವಿದ್ಯುತ್ ಕೊಟ್ಟಿರುತ್ತಾರೆ. ತಂತಿಯ ಸುತ್ತಲಿನ ಅನಿಲ ವಿದ್ಯುದಂಶ ಪಡೆಯುತ್ತದೆ, ಅದು ಬೂದಿಯ ಕಣಗಳಿಗೆ ಅಂಟುತ್ತದೆ. ವಿದ್ಯುದಂಶ ಹೊತ್ತ ಬೂದಿ ತಗಡಿನ ಕಡೆಗೆ ಸರಿದು ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ. ಆಗಾಗ ಸುತ್ತಿಗೆಗಳು ತಗಡಿಗೆ ಬಡಿಯುತ್ತವೆ. ಬೂದಿ ಉದುರಿ ಕೆಳಗಿನ ಹಾಪರಿಗೆ ಬೀಳುತ್ತದೆ. ಚೆನ್ನಾಗಿ ನಡೆಯುವ ಇಎಸ್‌ಪಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಬೂದಿಯನ್ನು ಹಿಡಿಯುತ್ತದೆ. ಅಲ್ಲಿಂದ ಬಲ್ಕರ್ ಲಾರಿಗಳಲ್ಲಿ ಸಿಮೆಂಟ್ ಕಾರ್ಖಾನೆಗೆ, ಬೂದಿ ಇಟ್ಟಿಗೆ ಮಾಡುವವರಿಗೆ ಹೋಗುತ್ತದೆ. ಎರಡು ಬಲ ಅಲ್ಲಿ ಪಾಳಿ ಹಂಚಿಕೊಂಡಿವೆ. ಹಿಡಿಯುವುದು ವಿದ್ಯುತ್ ಬಲ, ಕೆಳಗಿಳಿಸುವುದು ಗುರುತ್ವ. ಚಿಮಣಿಯಿಂದ ಕಪ್ಪು ಹೊಗೆ ಕಂಡರೆ ಜನ ಪ್ರಶ್ನೆ ಕೇಳಬೇಕು, ಯಾಕೆಂದರೆ ಇದನ್ನು ತಡೆಯುವ ವಿದ್ಯೆ ಹೊಸದೇನಲ್ಲ.

ಈಗ ನೀವು ತಂದ ಕಲ್ಲಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ನಿಮ್ಮ ಕಲ್ಲು ಕಬ್ಬಿಣದ ಅದಿರೇ, ಅನುಮಾನ ಬೇಡ. ಸಂಡೂರು ಬೆಟ್ಟಗಳ ಅದಿರಿನಲ್ಲಿ ಹೆಚ್ಚಿನದು ಹೆಮಟೈಟ್. ಶುದ್ಧ ಹೆಮಟೈಟ್ ಇದ್ದರೆ ಅದರ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣವೇ. ಆದರೂ ನಿಮ್ಮ ಮ್ಯಾಗ್ನೆಟ್ ಅದನ್ನು ಕೇರ್ ಮಾಡಲಿಲ್ಲ. ಕಬ್ಬಿಣ ಇದ್ದರೆ ಸಾಲದು, ಅದರ ಪರಮಾಣುಗಳು ಹೇಗೆ ಮುಖ ಮಾಡಿ ನಿಂತಿವೆ ಎನ್ನುವುದೇ ಮುಖ್ಯ.

ಪ್ರತಿ ಎಲೆಕ್ಟ್ರಾನೂ ಒಂದು ಸಣ್ಣ ಮ್ಯಾಗ್ನೆಟ್. ಹೆಚ್ಚಿನ ಪದಾರ್ಥಗಳಲ್ಲಿ ಅವು ಜೋಡಿಯಾಗಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಕಬ್ಬಿಣದಲ್ಲಿ ಜೋಡಿ ಸಿಗದ ಎಲೆಕ್ಟ್ರಾನ್‌ಗಳು ಉಳಿಯುತ್ತವೆ, ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ತಿರುಗಿ ಗುಂಪುಗಳಾಗುತ್ತವೆ. ಸುಮ್ನೆ ಬಿದ್ದಿರುವ ಮೊಳೆಯಲ್ಲಿ ಈ ಗುಂಪುಗಳು ಕೊಪ್ಪಳದ ಗವಿಮಠದ ಜಾತ್ರೆಗೆ ಬಂದ ಜನರ ಹಾಗೆ, ಒಂದೊಂದು ಗುಂಪು ಒಂದೊಂದು ಕಡೆ ಮುಖ ಮಾಡಿರುತ್ತದೆ. ಮ್ಯಾಗ್ನೆಟ್ ಹತ್ತಿರ ಬಂದರೆ ತೇರು ಹೊರಟಾಗಿನಂತೆ ಎಲ್ಲರ ಮುಖವೂ ಒಂದೇ ಕಡೆ. ಆಗ ಮೊಳೆಯೇ ಒಂದು ಮ್ಯಾಗ್ನೆಟ್ ಆಗಿ ಅಂಟಿಕೊಳ್ಳುತ್ತದೆ.

ಹೆಮಟೈಟಿನಲ್ಲಿ ಕಬ್ಬಿಣದ ಜೊತೆ ಆಮ್ಲಜನಕ ಸೇರಿದೆ. ಅಲ್ಲಿ ಒಂದು ಸಾಲಿನ ಕಬ್ಬಿಣ ಮೇಲೆ ಮುಖ ಮಾಡಿದರೆ ಪಕ್ಕದ ಸಾಲು ಕೆಳಗೆ ಮುಖ ಮಾಡುತ್ತದೆ. ಹೆಚ್ಚುಕಮ್ಮಿ ಪೂರ್ತಿ ವಜಾ ಆಗಿಬಿಡುತ್ತದೆ. ಮ್ಯಾಗ್ನಟೈಟ್ ಎನ್ನುವ ಇನ್ನೊಂದು ಅದಿರಿದೆ. ಅದರಲ್ಲೂ ಎದುರುಬದುರು ಸಾಲುಗಳಿವೆ, ಆದರೆ ಎರಡು ಕಡೆಯ ಬಲ ಸಮ ಇಲ್ಲ. ಉಳಿದ ಪಾಲು ಮ್ಯಾಗ್ನೆಟ್ಟಿಗೆ ಸಿಗುತ್ತದೆ. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಈ ಅದಿರು. ಸಂಡೂರಿನ ಕೆಲವು ಕಲ್ಲುಗಳಲ್ಲೂ ಒಂಚೂರು ಮ್ಯಾಗ್ನಟೈಟ್ ಬೆರೆತಿರುವುದುಂಟು. ಅಂಥ ಕಲ್ಲು ಸಿಕ್ಕರೆ ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ ಅದರ ಕಡೆ ವಾಲುತ್ತದೆ.

ಎರಡು ಕೆಲಸ ಮಾಡಿ ನೋಡಬಹುದು. ಒಂದು ಸುಲಭ. ಮ್ಯಾಗ್ನೆಟ್ಟನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಎಳೆದಾಡಿಸಿ. ಕಪ್ಪು ಕಾಳುಗಳು ಮೀಸೆಯ ಹಾಗೆ ನಿಂತುಕೊಳ್ಳುತ್ತವೆ. ನಮ್ಮ ಕಡೆಯ ಬಂಡೆಗಳು ಸವೆದು ಬಂದ ಮ್ಯಾಗ್ನಟೈಟ್ ಅದು. ಕವರ್ ಬಿಚ್ಚಿದರೆ ಕಾಳು ಉದುರುತ್ತವೆ. ಕವರ್ ಇಲ್ಲದೆ ಅದ್ದಿದರೆ ಕೀಳುವಷ್ಟರಲ್ಲಿ ಸಾಕಾಗುತ್ತದೆ.

ಇನ್ನೊಂದಕ್ಕೆ ದೊಡ್ಡವರು ಜೊತೆಗಿರಬೇಕು, ಮನೆಯ ಹೊರಗೆ ಬಯಲಲ್ಲೇ ಮಾಡಬೇಕು. ಆ ಕೆಂಪು ಅದಿರನ್ನು ಕುಟ್ಟಿ ಪುಡಿ ಮಾಡಿ, ಇದ್ದಿಲ ಪುಡಿ ಬೆರೆಸಿ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿ ಕೆಂಡದಲ್ಲಿ ಹೂತಿಡಿ. ಮುಚ್ಚಳವನ್ನು ಬಿಗಿ ಮಾಡಬೇಡಿ, ಒಳಗಿನ ಅನಿಲ ಹೊರಬರಲು ದಾರಿ ಇರಬೇಕು. ಆ ಅನಿಲ ವಿಷ, ಅದಕ್ಕೇ ಬಯಲು ಬೇಕು. ಚೆನ್ನಾಗಿ ಕಾದು, ಪೂರ್ತಿ ತಣ್ಣಗಾದ ಮೇಲೆ ತೆಗೆದು ನೋಡಿ. ಕೆಂಪು ಪುಡಿ ಕಪ್ಪಾಗಿರುತ್ತದೆ, ಮ್ಯಾಗ್ನೆಟ್ ಅದನ್ನು ಹಿಡಿಯುತ್ತದೆ. ಇದ್ದಿಲು ಅದಿರಿನ ಸ್ವಲ್ಪ ಆಮ್ಲಜನಕವನ್ನು ಕಿತ್ತುಕೊಂಡು ಹೆಮಟೈಟನ್ನು ಮ್ಯಾಗ್ನಟೈಟ್ ಮಾಡಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸಿನಲ್ಲಿ ಇದೇ ಕೆಲಸವನ್ನು ಕೊನೆಯವರೆಗೂ ಮಾಡಿ, ಆಮ್ಲಜನಕವನ್ನೆಲ್ಲ ತೆಗೆದು ಕಬ್ಬಿಣ ಉಳಿಸಿಕೊಳ್ಳುತ್ತಾರೆ. ಆ ಕಬ್ಬಿಣವೂ ಕೆಂಪಗೆ ಕಾದಿರುವಾಗ ಮ್ಯಾಗ್ನೆಟ್ಟಿಗೆ ಬಗ್ಗುವುದಿಲ್ಲ. 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಾಖದ ಗಡಿಬಿಡಿಯಲ್ಲಿ ಪರಮಾಣುಗಳ ಸಾಲು ಚದುರಿಹೋಗುತ್ತದೆ.

ಗುರುತ್ವದ ಬಗ್ಗೆ ಎಲ್ಲರಿಗೂ ಒಂದು ತಪ್ಪು ಕಲ್ಪನೆ ಇದೆ, ಅದು ಭಾರಿ ದೊಡ್ಡ ಬಲ ಅಂತ. ಮೂರರಲ್ಲಿ ಅದೇ ಅತಿ ದುರ್ಬಲ. ತಲಾ 60 ಕಿಲೋ ತೂಕದ ಇಬ್ಬರು ಒಂದು ಮೀಟರ್ ಅಂತರದಲ್ಲಿ ನಿಂತರೆ ಅವರೂ ಒಬ್ಬರನ್ನೊಬ್ಬರು ಎಳೆಯುತ್ತಾರೆ. ಎಷ್ಟು? ಹೆಚ್ಚುಕಮ್ಮಿ ಒಂದು ಸಣ್ಣ ಮರಳಿನ ಕಣದ ತೂಕದಷ್ಟು. ಇಷ್ಟು ಸಣ್ಣ ಎಳೆತವನ್ನು 1798ರಲ್ಲೇ ಕ್ಯಾವೆಂಡಿಶ್ ಅಳೆದರು. ತಲಾ ಸುಮಾರು 158 ಕಿಲೋದ ಎರಡು ಸೀಸದ ಗುಂಡು, ಒಂದು ತಂತಿಗೆ ಅಡ್ಡ ತೂಗುಹಾಕಿದ ಕೋಲು, ಅದರ ತುದಿಗಳಲ್ಲಿ ಎರಡು ಚಿಕ್ಕ ಗುಂಡು, ಇಷ್ಟೇ ಸಾಮಾನು. ತಂತಿ ಎಷ್ಟು ತಿರುಚಿತು ಅಂತ ನೋಡಿ ಲೆಕ್ಕ ಹಾಕಿದರು. ಒಂದು ಪ್ರೋಟಾನು, ಒಂದು ಎಲೆಕ್ಟ್ರಾನಿನ ನಡುವಿನ ವಿದ್ಯುತ್ ಎಳೆತ ಅವುಗಳ ಗುರುತ್ವದ ಎಳೆತಕ್ಕಿಂತ ಎಷ್ಟು ಪಟ್ಟು ದೊಡ್ಡದು ಗೊತ್ತಾ? 2ರ ಮುಂದೆ 39 ಸೊನ್ನೆ ಹಾಕಿ, ಅಷ್ಟು.

ಹಾಗಾದರೆ ಭೂಮಿ ಹೇಗೆ ಎಲ್ಲರನ್ನೂ ಹಿಡಿದಿಟ್ಟಿದೆ? ವಿದ್ಯುತ್ತಿನಲ್ಲಿ ಧನ, ಋಣ ಎರಡೂ ಇವೆ. ದೊಡ್ಡ ವಸ್ತುವಿನಲ್ಲಿ ಅವು ಸಮನಾಗಿ ಸೇರಿ ಹೊರಗೆ ಏನೂ ಕಾಣುವುದಿಲ್ಲ. ಗುರುತ್ವದಲ್ಲಿ ಹಾಗಿಲ್ಲ. ಎಲ್ಲ ದ್ರವ್ಯವೂ ಎಳೆಯುತ್ತದೆ, ನೂಕುವಂಥದ್ದು ಯಾವುದೂ ಇಲ್ಲ. ಆದ್ದರಿಂದ ಕಣ ಕಣದ ಎಳೆತ ಕೂಡುತ್ತಾ ಹೋಗುತ್ತದೆ, ಕಳೆಯುವುದೇ ಇಲ್ಲ. ಭೂಮಿಯ ತೂಕವನ್ನು ಕಿಲೋದಲ್ಲಿ ಬರೆದರೆ 6ರ ಮುಂದೆ 24 ಸೊನ್ನೆ. ಅಷ್ಟೂ ಸೇರಿ ಎಳೆದಾಗ ಬಳ್ಳಾರಿಯಲ್ಲಿ ಕೈಬಿಟ್ಟ ಕಲ್ಲಿನ ವೇಗ ಸೆಕೆಂಡಿಗೆ 9.78 ಮೀಟರಿನಷ್ಟು ಏರುತ್ತಾ ಹೋಗುತ್ತದೆ.

ಮೂರೂ ಒಂದೇನಾ ಎಂಬ ಪ್ರಶ್ನೆಗೆ ಉತ್ತರ: ಎರಡು ಒಂದೇ, ಮೂರನೆಯದು ಬೇರೆ. 1820ರಲ್ಲಿ ಓರ್‌ಸ್ಟೆಡ್ ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಆಮೇಲೆ ಫ್ಯಾರಡೆ, ಮ್ಯಾಕ್ಸ್‌ವೆಲ್ ಸೇರಿ ವಿದ್ಯುತ್ತೂ ಕಾಂತತ್ವವೂ ಒಂದೇ ಬಲದ ಎರಡು ಮುಖ ಎಂದು ತೋರಿಸಿದರು. ಗುರುತ್ವವನ್ನು ಇದರ ಜೊತೆ ಸೇರಿಸಿ ಒಂದೇ ಲೆಕ್ಕಕ್ಕೆ ತರುವುದು ಇವತ್ತಿಗೂ ಆಗಿಲ್ಲ. ನಿಮ್ಮ ಮಗ ಮುಂದೆ ಭೌತಶಾಸ್ತ್ರ ಓದಿದರೆ ಆ ಕೆಲಸ ಅವನಿಗಾಗಿ ಬಾಕಿ ಇದೆ.

ಇನ್ನು ಮುಟ್ಟದೆ ಹೇಗೆ ಎನ್ನುವುದು. ನ್ಯೂಟನ್ 1687ರಲ್ಲಿ ಗುರುತ್ವದ ಲೆಕ್ಕ ಕೊಟ್ಟರು. ಗ್ರಹಣವನ್ನೂ ಉಬ್ಬರವಿಳಿತವನ್ನೂ ಆ ಲೆಕ್ಕದಿಂದ ಹೇಳಬಹುದಿತ್ತು. ಆದರೆ ಖಾಲಿ ಜಾಗದ ಆಚೆಗೆ, ಮಧ್ಯೆ ಏನೂ ಇಲ್ಲದೆ, ಒಂದು ವಸ್ತು ಇನ್ನೊಂದನ್ನು ಎಳೆಯುತ್ತದೆ ಎನ್ನುವುದು ಅವರಿಗೇ ಒಪ್ಪಿಗೆಯಾಗಲಿಲ್ಲ. 1693ರಲ್ಲಿ ರಿಚರ್ಡ್ ಬೆಂಟ್ಲಿ ಎಂಬವರಿಗೆ ಬರೆದ ಪತ್ರದಲ್ಲಿ ಅದನ್ನು ಅಸಂಬದ್ಧ ಎಂದೇ ಬರೆದರು.

ದಾರಿ ತೋರಿಸಿದ್ದು ಫ್ಯಾರಡೆ. ಮ್ಯಾಗ್ನೆಟ್ಟಿನ ಮೇಲೆ ಕಾಗದ ಇಟ್ಟು ಕಬ್ಬಿಣದ ರಜ ಉದುರಿಸಿದರೆ ಗೆರೆಗಳು ಮೂಡುತ್ತವಲ್ಲ, ಅವುಗಳನ್ನು ಅವರು ಸುಮ್ನೆ ಚಿತ್ರ ಅಂತ ಬಿಡಲಿಲ್ಲ. ಮ್ಯಾಗ್ನೆಟ್ ತನ್ನ ಸುತ್ತಲಿನ ಜಾಗವನ್ನೇ ಬದಲಾಯಿಸುತ್ತದೆ, ಆ ಬದಲಾದ ಜಾಗ ಮೊಳೆಯನ್ನು ಎಳೆಯುತ್ತದೆ ಎಂದರು. ಇದಕ್ಕೇ ಕ್ಷೇತ್ರ ಅನ್ನುವುದು. ಮೊಳೆಗೆ ದೂರದ ಮ್ಯಾಗ್ನೆಟ್ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ತಾನಿರುವ ಜಾಗದಲ್ಲಿ ಕ್ಷೇತ್ರ ಹೇಗಿದೆ ಎಂಬುದಷ್ಟೇ ಅದಕ್ಕೆ ಬೇಕು.

ಇದು ಬರೀ ಮಾತಿನ ಜಾಣತನ ಅಂತ ಅನಿಸಬಹುದು. ಹಾಗಲ್ಲ ಎನ್ನಲು ಸಾಕ್ಷಿ ಇದೆ. ಕ್ಷೇತ್ರದಲ್ಲಿ ಆದ ಬದಲಾವಣೆ ಆಚೆ ತಲುಪಲು ಸಮಯ ಹಿಡಿಯುತ್ತದೆ. ಆ ವೇಗ ಬೆಳಕಿನ ವೇಗವೇ ಎಂದು ಮ್ಯಾಕ್ಸ್‌ವೆಲ್ 1865ರಲ್ಲಿ ಲೆಕ್ಕದಿಂದ ತೋರಿಸಿದರು. ಬೆಳಕು ಎಂದರೇ ವಿದ್ಯುತ್ ಕಾಂತ ಕ್ಷೇತ್ರದ ಅಲೆ. ನಿಮ್ಮ ಮೊಬೈಲಿಗೆ ಬರುವ ಸಿಗ್ನಲ್ಲೂ ಅದೇ. ಗುರುತ್ವಕ್ಕೂ ಹೀಗೇ ಆಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರು. 2017ರ ಆಗಸ್ಟ್ 17ರಂದು ಅದು ಕಣ್ಣಾರೆ ಕಂಡಿತು. ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಿದ್ದವು. ಅಲ್ಲಿಂದ ಹೊರಟ ಗುರುತ್ವದ ಅಲೆಯೂ ಗಾಮಾ ಕಿರಣವೂ ಸುಮಾರು ಎರಡು ಸೆಕೆಂಡಿನ ಅಂತರದಲ್ಲಿ ಭೂಮಿಗೆ ಬಂದವು. 13 ಕೋಟಿ ವರ್ಷದ ಓಟದಲ್ಲಿ ಎರಡೇ ಸೆಕೆಂಡ್! ಅಂದರೆ ಈ ಕ್ಷಣ ಸೂರ್ಯ ಇಲ್ಲದಂತಾದರೂ ಭೂಮಿ ಇನ್ನೂ ಎಂಟು ನಿಮಿಷಕ್ಕೂ ಮೀರಿ ತನ್ನ ದಾರಿಯಲ್ಲೇ ಸುತ್ತುತ್ತಿರುತ್ತದೆ. ಸುದ್ದಿ ಇನ್ನೂ ತಲುಪಿರುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನಿಮ್ಮ ಮಗನಿಗೆ ನಾನೊಂದು ಮರುಪ್ರಶ್ನೆ ಕೇಳಬೇಕು. ಮುಟ್ಟಿ ನೂಕುವುದು ಹೇಗೆ? ಅದು ಅರ್ಥವಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆನೆಗೊಂದಿಯ ಕಡೆ ಹೋದರೆ ಮನೆಯಷ್ಟು ದೊಡ್ಡ ಗುಂಡು ಇನ್ನೊಂದು ಗುಂಡಿನ ಮೇಲೆ ಅಂಗೈಯಗಲ ಜಾಗದಲ್ಲಿ ಕೂತಿರುವುದು ಕಾಣುತ್ತದೆ. ಇಡೀ ಭೂಮಿ ಅದನ್ನು ಕೆಳಗೆ ಎಳೆಯುತ್ತಿದೆ. ಕೆಳಗಿನ ಗುಂಡು ಅದನ್ನು ಮೇಲಕ್ಕೆ ಒತ್ತುತ್ತಿದೆ. ಆ ಒತ್ತು ಎಲ್ಲಿಂದ ಬಂತು? ಎರಡೂ ಕಲ್ಲಿನ ಹೊರ ಪರಮಾಣುಗಳ ಎಲೆಕ್ಟ್ರಾನ್‌ಗಳು ಒಂದನ್ನೊಂದು ನೂಕುತ್ತವೆ, ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಕೂಡದು ಎಂಬ ಕ್ವಾಂಟಂ ನಿಯಮವೂ ಜೊತೆಗಿದೆ. ಎಲ್ಲೂ ಒಂದರ ಮೈ ಇನ್ನೊಂದಕ್ಕೆ ತಾಗುವ ಗಟ್ಟಿ ಗೋಡೆ ಇಲ್ಲ. ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಅಂತರದಲ್ಲಿ ವಿದ್ಯುತ್ ಕ್ಷೇತ್ರವೇ ತಡೆಯುತ್ತಿದೆ. ನೀವು ಸ್ಟೀರಿಂಗ್ ಹಿಡಿಯುವುದು, ಬ್ರೇಕ್ ಒತ್ತುವುದು, ಟೈರು ರಸ್ತೆಯನ್ನು ಕಚ್ಚುವುದು, ಎಲ್ಲವೂ ಇದೇ. ‘ಸಂಪರ್ಕ ಬಲ’ ಎನ್ನುವುದು ತೀರಾ ಹತ್ತಿರದಿಂದ ನಡೆಯುವ ವಿದ್ಯುತ್ ಬಲ, ಅಷ್ಟೇ. ಮುಟ್ಟದೆ ಎಳೆಯುವುದು ವಿಚಿತ್ರ ಅಲ್ಲ, ಲೋಕದಲ್ಲಿ ಬೇರೆ ದಾರಿಯೇ ಇಲ್ಲ.

ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವ ಹಾಗೇ ಬರೆಯಲಿ. ಕಣ್ಣಿಗೆ ಕಾಣುವ ಮಟ್ಟದಲ್ಲಿ ಆ ವಿಂಗಡಣೆ ಉಪಯೋಗಕ್ಕೆ ಬರುತ್ತದೆ.

ತಡೆಯಬಹುದಾ ಅಂತ ಕೇಳಿದಿರಿ. ಗುರುತ್ವವನ್ನು ಯಾವುದೂ ತಡೆಯುವುದಿಲ್ಲ. ಅಡ್ಡ ಇಟ್ಟ ವಸ್ತುವೂ ತನ್ನ ಪಾಲಿನ ಎಳೆತ ಸೇರಿಸುತ್ತದೆ ಅಷ್ಟೇ. ಮ್ಯಾಗ್ನೆಟ್ಟಿನ ಕ್ಷೇತ್ರವನ್ನು ದಪ್ಪ ಕಬ್ಬಿಣದ ತಗಡು ತನ್ನೊಳಗೆ ಸೆಳೆದುಕೊಂಡು ಆಚೆ ಹೋಗುವುದನ್ನು ಬಹಳಷ್ಟು ತಪ್ಪಿಸುತ್ತದೆ. ವಿದ್ಯುತ್ ಕ್ಷೇತ್ರವನ್ನು ತಡೆಯುವುದು ಇನ್ನೂ ಸುಲಭ. ಸುತ್ತ ಲೋಹದ ಗೂಡು ಇದ್ದರೆ ಸಾಕು, ಒಳಗೆ ಕ್ಷೇತ್ರ ಬರುವುದಿಲ್ಲ. 1836ರಲ್ಲಿ ಫ್ಯಾರಡೆ ಅಂಥ ಗೂಡಿನೊಳಗೆ ತಾವೇ ಕೂತು ಪರೀಕ್ಷಿಸಿದರು.

ಲಾರಿ ಓಡಿಸುವ ನಿಮಗೆ ಇದು ಜೀವದ ವಿಷಯ. ಸಿಡಿಲು ಎಂದರೆ ಅದೇ ಬಾಚಣಿಕೆಯ ವಿದ್ಯುತ್ತು, ಮೋಡದಲ್ಲಿ ಮಂಜುಗಡ್ಡೆಯ ಕಣಗಳು ಉಜ್ಜಾಡಿ ಬೆಳೆದದ್ದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ನಮ್ಮ ಕಡೆ ಹೊಲದಲ್ಲಿದ್ದವರು, ಕುರಿ ಕಾಯುವವರು ಸಿಡಿಲಿಗೆ ಬಲಿಯಾಗುತ್ತಲೇ ಇದ್ದಾರೆ. ಉಕ್ಕಿನ ಕ್ಯಾಬಿನ್ ನಿಮಗೆ ಒಳ್ಳೆಯ ಗೂಡು. ಗಾಜು ಏರಿಸಿ, ಲೋಹ ಮುಟ್ಟದೆ ಒಳಗೇ ಕೂತಿರಿ. ಕಾಯುವುದು ಟೈರಿನ ರಬ್ಬರ್ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಮೋಡದಿಂದ ಇಳಿದು ಬಂದ ಸಿಡಿಲಿಗೆ ಅಷ್ಟು ರಬ್ಬರ್ ಏನೂ ಅಲ್ಲ. ಸುತ್ತಲಿನ ಉಕ್ಕು ಕಾಯುತ್ತದೆ. ಇಳಿದು ಲಾರಿಗೆ ಒರಗಿ ನಿಲ್ಲುವುದು, ಕೆಳಗೆ ನುಸುಳುವುದು, ಬೇವಿನ ಮರದಡಿ ಓಡುವುದು, ಮೂರೂ ಬೇಡ. ಬಯಲಲ್ಲೇ ಸಿಕ್ಕಿಬಿದ್ದರೆ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು, ಮಲಗಬಾರದು. ಸಿಡಿಲು ನೆಲದೊಳಗೆ ಹರಡುವಾಗ ದೂರ ದೂರ ಇಟ್ಟ ಕಾಲುಗಳ ನಡುವೆ ವೋಲ್ಟೇಜ್ ಜಾಸ್ತಿ. ಮರದಡಿ ನಿಂತ ದನಗಳು ಒಟ್ಟಿಗೇ ಸಾಯುವುದು ಇದರಿಂದಲೇ, ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಹೊರಗೆ ಇರಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ನಿಮ್ಮ ಫೋನಿಗೂ ಹಾಕಿಕೊಳ್ಳಿ, ಊರಿನಲ್ಲಿ ಕುರಿ ಕಾಯುವವರಿದ್ದರೆ ಅವರ ಫೋನಿಗೂ ಹಾಕಿಕೊಡಿ.